ಎರಡನೇ ಸಲ, ಮಧ್ಯರಾತ್ರಿಯ ಪ್ಯಾರಿಸ್‌ಗೆ

ವುಡಿ ಆಲನ್ ಅವರ ‘ಮಿಡ್‌ನೈಟ್ ಇನ್ ಪ್ಯಾರಿಸ್’ (2011) ಚಿತ್ರವನ್ನು ಮೊದಲ ಸಲ ನೋಡುವವರಿಗೆ ಹೆಸರು ಗುರುತಿಸುವುದರಲ್ಲೇ ಹೊತ್ತು ಹೋಗುತ್ತದೆ. ಅಗೋ ಫಿಟ್ಸ್‌ಜೆರಾಲ್ಡ್, ಇಗೋ ಹೆಮಿಂಗ್‌ವೇ, ಕಾರಿನೊಳಗೆ ಟಿ.ಎಸ್. ಎಲಿಯಟ್! ಜಾತ್ರೆಯಲ್ಲಿ ಪರಿಚಯದ ಮುಖ ಹುಡುಕುವಂಥ ಖುಷಿ ಅದು. ಚಿತ್ರ ತನ್ನ ಒಳಗುಟ್ಟು ಬಿಟ್ಟುಕೊಡುವುದು ಮಾತ್ರ ಎರಡನೇ ನೋಟಕ್ಕೆ.

ಇಲ್ಲಿ ಕಾಲಯಂತ್ರವಿಲ್ಲ, ಮಿಂಚು ಹೊಗೆಯೂ ಇಲ್ಲ. ಹಾಲಿವುಡ್ ಚಿತ್ರಕಥೆಗಾರ ಗಿಲ್ ದಾರಿ ತಪ್ಪಿ ಒಂದು ಚರ್ಚಿನ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಗಂಟೆ ಹನ್ನೆರಡು ಹೊಡೆಯುತ್ತದೆ. ಓಣಿಯಲ್ಲಿ ಹಳೇ ಪ್ಯೂಜೊ ಕಾರೊಂದು ಬಂದು ನಿಲ್ಲುತ್ತದೆ, ಒಳಗಿದ್ದವರು ಕರೆಯುತ್ತಾರೆ, ಇವನು ಹತ್ತುತ್ತಾನೆ. ಅಷ್ಟಕ್ಕೇ 1920ರ ದಶಕ! ಹೇಗೆ ಎಂದು ಚಿತ್ರ ಒಂದು ಮಾತೂ ವಿವರಿಸುವುದಿಲ್ಲ. ಅಜ್ಜಿಕಥೆ ಕೇಳುವ ಮಗುವಿನಂತೆ ಇದನ್ನು ಒಪ್ಪಿಕೊಂಡವರಿಗೆ ಮುಂದಿನದೆಲ್ಲ ಸಲೀಸು.

ಮರುನೋಟದಲ್ಲಿ ಕಣ್ಣಿಡಬೇಕಾದದ್ದು ಗಿಲ್‌ನ ಭಾವೀ ಪತ್ನಿ ಇನೆಜ್ ಮೇಲೆ. ಎಲ್ಲ ಬಲ್ಲವನಂತೆ ಮಾತಾಡುವ ಅವಳ ಪರಿಚಯದ ಪಾಲ್, ರೋದ್ಯಾ ಮ್ಯೂಸಿಯಂನಲ್ಲಿ ಮಾರ್ಗದರ್ಶಿಯ ಜೊತೆಗೇ ವಾದಕ್ಕಿಳಿಯುತ್ತಾನೆ. ಶಿಲ್ಪಿಯ ಹೆಂಡತಿ ಯಾರು, ಪ್ರೇಯಸಿ ಯಾರು ಎಂಬುದನ್ನೇ ಅದಲುಬದಲು ಮಾಡುತ್ತಾನೆ. ಇನೆಜ್‌ಗೆ ಮಾತ್ರ ಅವನ ಮಾತೇ ವೇದ. ಗಿಲ್‌ಗೆ ಏನೂ ಕಾಣುವುದಿಲ್ಲ. ಕೊನೆಗೆ ಅವನು ಬರೆಯುತ್ತಿರುವ ಕಾದಂಬರಿಯ ಹಸ್ತಪ್ರತಿ ಓದಿದ ಹೆಮಿಂಗ್‌ವೇಯ ಸಂಶಯವನ್ನು ಲೇಖಕಿ ಗರ್ಟ್ರೂಡ್ ಸ್ಟೈನ್ ತಿಳಿಸುತ್ತಾಳೆ: ನಾಯಕನ ಹುಡುಗಿಗೂ ಆ ಪಂಡಿತನಿಗೂ ಸಂಬಂಧವಿರುವುದು ನಾಯಕನಿಗೇಕೆ ಗೊತ್ತಾಗುತ್ತಿಲ್ಲ? ತೊಂಬತ್ತು ವರ್ಷ ಹಿಂದಿನ ಓದುಗನಿಗೆ ಹೊಳೆದದ್ದು ಬರೆದವನಿಗೇ ಹೊಳೆದಿರಲಿಲ್ಲ. ಈ ಚಿತ್ರಕಥೆಗೆ ಆಸ್ಕರ್ ಸಿಕ್ಕಿತು. ಈ ಒಂದು ಹೆಣಿಗೆಗೇ ಕೊಡಬಹುದಿತ್ತು.

ಹೆಮಿಂಗ್‌ವೇ ಬಂದಾಗ ಕಿವಿ ಚುರುಕಾಗಲಿ. ಪಾತ್ರಧಾರಿ ಕೋರಿ ಸ್ಟಾಲ್ ಮಾತಾಡುವುದು ಆ ಲೇಖಕನ ಗದ್ಯದ ಲಯದಲ್ಲೇ: ಧೈರ್ಯ, ಸಾವು, ಯುದ್ಧ, ನಗುವಿನ ಸುಳಿವಿಲ್ಲ. ನೋಡುವ ಮೊದಲು ‘ಎ ಮೂವಬಲ್ ಫೀಸ್ಟ್’ನ ಹತ್ತು ಪುಟ ಓದಿಕೊಂಡರೆ ಇನ್ನೂ ಚೆನ್ನ. ಆ ಪ್ಯಾರಿಸ್ ನೆನಪುಗಳನ್ನು ಹೆಮಿಂಗ್‌ವೇ ಬರೆದದ್ದು ಬದುಕಿನ ಕೊನೆಯ ವರ್ಷಗಳಲ್ಲಿ; ಪುಸ್ತಕ ಬಂದದ್ದು 1964ರಲ್ಲಿ, ಅವನು ತೀರಿಕೊಂಡ ಮೂರು ವರ್ಷಕ್ಕೆ. ಎಂದರೆ ಗಿಲ್‌ನಂಥವರು ಹಂಬಲಿಸುವ ಆ ಸುವರ್ಣಕಾಲವನ್ನು ಬಹುಪಾಲು ಕಟ್ಟಿಕೊಟ್ಟದ್ದೂ ಹಿಂದಿರುಗಿ ನೋಡುತ್ತಿದ್ದ ಒಬ್ಬನ ಹಂಬಲವೇ.

ಸಣ್ಣ ತಮಾಷೆಗಳೂ ಉಂಟು. ಔತಣಕ್ಕೆ ಬಂದವರು ಕೋಣೆಯಿಂದ ಹೊರಬರಲಾರದ ಕಥೆಯನ್ನು ಗಿಲ್ ನಿರ್ದೇಶಕ ಬುನ್ಯುಯೆಲ್‌ಗೆ ಹೇಳುತ್ತಾನೆ. ಅವನಿಗೆ ತಲೆಬುಡ ತಿಳಿಯುವುದಿಲ್ಲ. ಅದು ಅವನೇ 1962ರಲ್ಲಿ ತೆಗೆದ ‘ದಿ ಎಕ್ಸ್‌ಟರ್ಮಿನೇಟಿಂಗ್ ಏಂಜೆಲ್’.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಗಿಂತ ಚಿತ್ರ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ. 1920ರ ದಶಕದಲ್ಲಿ ಗಿಲ್‌ಗೆ ಸಿಗುವ ಆಡ್ರಿಯಾನಾಗೆ 1890ರ ದಶಕ ಬೇಕು. ಅಲ್ಲಿಗೆ ಹೋದರೆ ಚಿತ್ರಕಾರರಾದ ದೆಗಾ, ಗೊಗ್ಯಾ ಪುನರುತ್ಥಾನದ ಯುಗಕ್ಕೆ ನಿಟ್ಟುಸಿರಿಡುತ್ತಾರೆ. ಅರಿವಳಿಕೆ ಇಲ್ಲದ ದಂತವೈದ್ಯನ ಕನಸನ್ನು ಗಿಲ್ ಹೇಳುವುದು ಇಲ್ಲಿಯೇ. ಆಗಿನ ಅವನ ಮುಖವನ್ನು ನಿಧಾನವಾಗಿ ನೋಡಬೇಕು.

ಕೊನೆಗೊಂದು ಕಿವಿಮಾತು: ಆರಂಭದಲ್ಲಿ ಹೆಸರುಗಳು ತೆರೆಯ ಮೇಲೆ ಮೂಡುವಾಗ ಎದ್ದು ಹೋಗಬಾರದು. ಆಗಲೇ, ಮಳೆಯಲ್ಲಿ ಈ ಊರು ಎಷ್ಟು ಚೆಂದ ಎನ್ನುತ್ತಾನೆ ಗಿಲ್. ನೆನೆಯುವುದರಲ್ಲಿ ಏನು ಚೆಂದ ಎನ್ನುತ್ತಾಳೆ ಇನೆಜ್. ಆ ಮಾತು ನೆನಪಿದ್ದವರಿಗೆ ಕಡೆಯ ದೃಶ್ಯ ಬೇರೆಯೇ ಆಗಿ ಕಾಣುತ್ತದೆ. ಸೇತುವೆ, ರಾತ್ರಿ, ಹಳೇ ಗ್ರಾಮಫೋನ್ ತಟ್ಟೆ ಮಾರುವ ಹುಡುಗಿ. ಮಳೆ ಶುರುವಾಗುತ್ತದೆ, ಅವಳು ನೆನೆಯುತ್ತಲೇ ನಡೆಯುತ್ತಾಳೆ.