ಹೊರಗುತ್ತಿಗೆಗೆ ಹೋದ ಕನ್ನಡ

ಆರ್.ಟಿ. ನಗರದಲ್ಲಿ ಬಟ್ಟೆ ಹೊಲಿದು ಸಂಸಾರ ನಡೆಸುವ ನಮ್ಮ ಪರಿಚಯದ ಹೆಣ್ಣುಮಗಳೊಬ್ಬರು ಹೊಸ ಹೊಲಿಗೆ ಯಂತ್ರಕ್ಕೆಂದು ಸಾಲ ಕೇಳಿದ್ದರು. ಮೊಬೈಲಿಗೆ ಬಂದ ಸಾಲದ ಪತ್ರ ಕನ್ನಡದಲ್ಲೇ ಇತ್ತು. ಮನೆಮಾತು ಉರ್ದುವಾದರೂ ಅವರು ಓದಿದ್ದು ಕನ್ನಡ ಶಾಲೆಯಲ್ಲಿ, ಏಳನೇ ತರಗತಿಯವರೆಗೆ. ಎರಡು ಸಲ ಓದಿದರು, ಅರ್ಥವಾಗಲಿಲ್ಲ. ಕೊನೆಗೆ ಕಾಲೇಜಿಗೆ ಹೋಗುವ ಮಗನನ್ನು ಕರೆದು, ‘ಇದರದ್ದೇ ಇಂಗ್ಲಿಷ್ ಇದ್ದರೆ ತೆಗಿ ಬೇಟಾ, ನೀನೇ ಓದಿ ಹೇಳು’ ಎಂದರು.

ಆ ಪತ್ರವನ್ನು ನಾವೂ ನೋಡಿದೆವು. ಅಸಲು ಎಂದಿರಬೇಕಾದಲ್ಲಿ ‘ಪ್ರಾಂಶುಪಾಲ ಮೊತ್ತ’ ಎಂದಿತ್ತು. ಬಡ್ಡಿ ದರ ಎಂದಿರಬೇಕಾದಲ್ಲಿ ‘ಆಸಕ್ತಿ ದರ’ ಎಂದಿತ್ತು. ಇಂಗ್ಲಿಷಿನ ಪ್ರಿನ್ಸಿಪಲ್ ಮತ್ತು ಇಂಟರೆಸ್ಟ್ ಎಂಬ ಪದಗಳಿಗೆ ಎರಡೆರಡು ಅರ್ಥಗಳಿವೆ; ಇಲ್ಲಿ ಬೇಡದ ಅರ್ಥವೇ ಬಂದು ಕುಳಿತಿದೆ. ನಗು ಬರುವ ವಿಷಯ ಎಂದು ತಳ್ಳಿಹಾಕಬಹುದು. ಆದರೆ ಬಡ್ಡಿ ಎಂಬ ಎರಡಕ್ಷರವನ್ನು ಕಂಡರೆ ಅಕ್ಷರ ಕೂಡಿಸಿ ಓದುವವರೂ ಒಂದು ಗಳಿಗೆ ಯೋಚಿಸುತ್ತಾರೆ. ಬಡ್ಡಿಯ ವಿಚಾರದಲ್ಲಿ ಎಚ್ಚರವಾಗಿರುವ ಮನೆಗಳಲ್ಲಂತೂ ಆ ಪದ ಕಾಣದೇ ಹೋಗುವುದು ಸಣ್ಣ ಮಾತಲ್ಲ. ಕೆಳಗೆ ಸಹಿ ಹಾಕುವವರು ಆ ತಾಯಿಯೇ ಹೊರತು ಅನುವಾದಿಸಿದವರಲ್ಲ.

ಹಾಗಾದರೆ ಅನುವಾದಿಸಿದವರು ಕನ್ನಡ ಬಾರದವರೇ? ಅಷ್ಟು ಸುಲಭದ ತೀರ್ಮಾನಕ್ಕೆ ಬರುವ ಮೊದಲು ಇಂಥ ಕನ್ನಡ ತಯಾರಾಗುವ ದಾರಿಯನ್ನು ತಿಳಿಯಬೇಕು. ದೊಡ್ಡ ಕಂಪೆನಿಯೊಂದು ತನ್ನ ಕಾಗದಪತ್ರಗಳನ್ನು, ಮೊಬೈಲ್ ಪರದೆಯ ಮಾತುಗಳನ್ನು ಹತ್ತಾರು ಭಾಷೆಗಳಿಗೆ ತರುವ ಕೆಲಸವನ್ನು ಒಟ್ಟಿಗೆ ಒಂದು ಏಜೆನ್ಸಿಗೆ ಗುತ್ತಿಗೆ ಕೊಡುತ್ತದೆ. ಆ ಏಜೆನ್ಸಿ ಬೇರೆ ದೇಶದಲ್ಲೂ ಇರಬಹುದು. ಅದು ಭಾರತೀಯ ಭಾಷೆಗಳ ಭಾಗವನ್ನು ಇನ್ನೊಂದು ಏಜೆನ್ಸಿಗೆ ಒಪ್ಪಿಸುತ್ತದೆ. ಅಲ್ಲಿಂದ ಕನ್ನಡದ ಪಾಲು ಮನೆಯಲ್ಲಿ ಕುಳಿತು ಕೆಲಸ ಮಾಡುವ ಒಬ್ಬರಿಗೆ ತಲುಪುತ್ತದೆ. ಪ್ರತಿಯೊಂದು ಮೆಟ್ಟಿಲಲ್ಲೂ ಹಣದ ಒಂದು ಪಾಲು ಉಳಿದುಕೊಳ್ಳುತ್ತದೆ, ಗಡುವಿನ ಒಂದು ಪಾಲು ಕಳೆದುಹೋಗುತ್ತದೆ.

ಕೊನೆಯ ಮೆಟ್ಟಿಲಲ್ಲಿರುವವರ ಕೈಗೆ ಹಲವು ಸಲ ಇಡೀ ಪತ್ರವೇ ಸಿಗುವುದಿಲ್ಲ. ಸಿಗುವುದು ಒಂದು ಪಟ್ಟಿ: ಎಡಗಡೆ ಇಂಗ್ಲಿಷಿನ ತುಂಡು ಮಾತು, ಬಲಗಡೆ ಖಾಲಿ ಮನೆ. ‘ಬ್ಯಾಲೆನ್ಸ್’ ಎಂದು ಒಂದೇ ಪದವಿದ್ದರೆ ಅದು ಖಾತೆಯಲ್ಲಿರುವ ಹಣವೋ, ಕಟ್ಟಬೇಕಾದ ಬಾಕಿಯೋ, ತಕ್ಕಡಿಯ ಸಮತೋಲವೋ? ‘ಆರ್ಡರ್’ ಎಂದರೆ ಬೇಡಿಕೆಯೋ, ಆಜ್ಞೆಯೋ, ಕ್ರಮವೋ? ಪರದೆಯನ್ನು ಕಾಣದವರು ಊಹಿಸಬೇಕಷ್ಟೆ. ಕೂಲಿ ಪದಕ್ಕಿಷ್ಟು ಎಂದು. ಹಿಂದೆ ಅನುವಾದಿಸಿದ ವಾಕ್ಯವೇ ಮತ್ತೆ ಬಂದರೆ ಕಂಪ್ಯೂಟರು ಅದನ್ನು ತನ್ನ ನೆನಪಿನಿಂದ ತೆಗೆದು ಕೊಡುತ್ತದೆ, ಅದಕ್ಕೆ ಕೂಲಿ ಕಡಿಮೆ. ಈಗೀಗ ಯಂತ್ರವೇ ಮೊದಲು ಅನುವಾದಿಸಿಬಿಡುತ್ತದೆ; ಮನುಷ್ಯರ ಪಾಲಿಗೆ ಅದನ್ನು ತಿದ್ದುವ ಕೆಲಸ, ಇನ್ನೂ ಕಡಿಮೆ ದರಕ್ಕೆ. ಒಂದು ಪದಕ್ಕಾಗಿ ಅರ್ಧ ಗಂಟೆ ಯೋಚಿಸುವ ಅನುವಾದಕರು ಆ ಅರ್ಧ ಗಂಟೆಯ ಸಂಬಳವನ್ನು ಕಳೆದುಕೊಳ್ಳುತ್ತಾರೆ. ಎಚ್ಚರಿಕೆಗೆ ದಂಡ, ಅವಸರಕ್ಕೆ ಬಹುಮಾನ. ಇದು ಈ ವ್ಯವಸ್ಥೆಯ ಲೆಕ್ಕ.

ಇನ್ನೊಂದು ಮುಖವನ್ನೂ ನೋಡೋಣ. ಅದೇ ಆರ್.ಟಿ. ನಗರದಿಂದ ಹೆಬ್ಬಾಳಕ್ಕೆ ಬಂದು, ಹೊರವರ್ತುಲ ರಸ್ತೆಯಲ್ಲಿ ನಾಗವಾರದ ಕಡೆ ತಿರುಗಿದರೆ ಮಾನ್ಯತಾ ಟೆಕ್ ಪಾರ್ಕ್ ಸಿಗುತ್ತದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ ಬೆಂಗಳೂರಿಗೆ ಬಂದಂದಿನಿಂದ ಹೊರದೇಶಗಳ ಕೆಲಸ ಈ ಊರಿಗೆ ಹರಿದು ಬರುತ್ತಿದೆ. ಸಾಫ್ಟ್‌ವೇರಿನ ಹಿಂದೆಯೇ ಅದರ ಕೈಪಿಡಿಗಳನ್ನು ಬರೆಯುವ ಕೆಲಸವೂ ಬಂತು. ಟೆಕ್ನಿಕಲ್ ರೈಟರ್ ಎಂಬುದು ಇಂದು ಬೆಂಗಳೂರಿನ ಮಧ್ಯಮ ವರ್ಗಕ್ಕೆ ಪರಿಚಿತವಾದ ಒಂದು ನೌಕರಿ. ಅಮೆರಿಕದಲ್ಲೋ ಯುರೋಪಿನಲ್ಲೋ ಬಳಕೆಯಾಗುವ ಯಂತ್ರದ ಬಗ್ಗೆ ಇಲ್ಲಿ ಕುಳಿತು ಇಂಗ್ಲಿಷಿನಲ್ಲಿ ಬರೆಯುವುದೇ ಅವರ ಕೆಲಸ.

ಆ ಇಂಗ್ಲಿಷಿಗೆ ಸಿಗುವ ಆರೈಕೆ ಎಂಥದ್ದು! ಬರೆಯುವವರು ಇಂಜಿನಿಯರರನ್ನು ಕೇಳಬಹುದು. ಯಂತ್ರವನ್ನು, ಪರದೆಯನ್ನು ಕಣ್ಣಾರೆ ನೋಡಬಹುದು. ಬರೆದದ್ದನ್ನು ಇನ್ನೊಬ್ಬರು ತಿದ್ದುತ್ತಾರೆ, ಮತ್ತೊಬ್ಬರು ಪರೀಕ್ಷಿಸುತ್ತಾರೆ. ವಿಮಾನ ದುರಸ್ತಿಯ ಕೈಪಿಡಿಗಳಿಗಂತೂ ‘ಸರಳೀಕೃತ ತಾಂತ್ರಿಕ ಇಂಗ್ಲಿಷ್’ ಎಂಬ ಅಂತರರಾಷ್ಟ್ರೀಯ ನಿಯಮಾವಳಿಯೇ ಇದೆ. ಅದರ ಪ್ರಕಾರ ಸೂಚನೆ ನೀಡುವ ವಾಕ್ಯದಲ್ಲಿ 20ಕ್ಕಿಂತ ಹೆಚ್ಚು ಪದಗಳಿರಕೂಡದು. ಒಂದು ಪದಕ್ಕೆ ಒಂದೇ ಅರ್ಥವಿರಬೇಕು. ‘ಫಾಲೋ’ ಎಂದರೆ ‘ಹಿಂದೆ ಬರುವುದು’ ಮಾತ್ರ. ‘ನಿಯಮ ಪಾಲಿಸು’ ಎನ್ನಲು ಆ ಪದವನ್ನು ಬಳಸುವಂತಿಲ್ಲ. ಕಾರಣ ಸರಳ. ಓದುವ ಮೆಕ್ಯಾನಿಕ್ ತಪ್ಪು ತಿಳಿದರೆ ಜೀವಗಳು ಹೋಗುತ್ತವೆ.

ಹೊರಗುತ್ತಿಗೆಯ ಎರಡು ತುದಿಗಳೂ ಹೀಗೆ ಒಂದೇ ಊರಿನಲ್ಲಿವೆ. ದೂರದ ಗ್ರಾಹಕರಿಗಾಗಿ ಇಲ್ಲಿ ಬರೆಯುವ ಇಂಗ್ಲಿಷಿಗೆ ಸಂಬಳ, ಕಚೇರಿ, ಸಂಪಾದಕರು, ಪರೀಕ್ಷೆ ಎಲ್ಲವೂ ಇವೆ. ಪಕ್ಕದ ಬೀದಿಯ ಗ್ರಾಹಕರಿಗೆ ಬೇಕಾದ ಕನ್ನಡಕ್ಕೆ ಪದಕ್ಕಿಷ್ಟು ಕೂಲಿ ಮತ್ತು ನಾಳೆ ಬೆಳಗಿನ ಗಡುವು. ಆದ್ದರಿಂದ ಹೊರಗುತ್ತಿಗೆಯೇ ಕೆಟ್ಟದ್ದು ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಗುತ್ತಿಗೆಗೆ ಬಂದ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿದೆಯಲ್ಲ! ಕೊಡುವವರು ಯಾವ ಓದುಗರನ್ನು ಗೌರವಿಸುತ್ತಾರೆ ಎಂಬುದೇ ಪ್ರಶ್ನೆ.

ಕನ್ನಡವನ್ನು ಯಾರೂ ಕೇಳಿಲ್ಲ ಎಂಬುದಕ್ಕೆ ಅದರ ವಿಭಕ್ತಿಗಳೇ ಸಾಕ್ಷಿ. ಇಂಗ್ಲಿಷಿನಲ್ಲಿ ‘ಟು’ ಎಂದು ಬರೆದು ಮುಂದೆ ಯಾವ ಊರಿನ ಹೆಸರನ್ನಾದರೂ ಇಡಬಹುದು. ಕನ್ನಡದಲ್ಲಿ ಹೆಬ್ಬಾಳಕ್ಕೆ, ದೇವನಹಳ್ಳಿಗೆ, ಬೆಂಗಳೂರಿಗೆ ಎಂದು ಹೆಸರಿಗೆ ತಕ್ಕಂತೆ ಪ್ರತ್ಯಯ ಬದಲಾಗುತ್ತದೆ. ಇಂಗ್ಲಿಷಿನ ಅಚ್ಚಿನಲ್ಲಿ ಖಾಲಿ ಜಾಗ ಬಿಟ್ಟು ಮಾಡಿದ ಸಾಫ್ಟ್‌ವೇರಿಗೆ ಇದು ಗೊತ್ತಿಲ್ಲ. ಅದು ‘ಹೆಬ್ಬಾಳ ಗೆ’ ಎನ್ನುತ್ತದೆ, ‘ಯಲಹಂಕ ನಲ್ಲಿ’ ಎನ್ನುತ್ತದೆ. ಇದು ಅನುವಾದಕರ ತಪ್ಪಲ್ಲ. ಅಚ್ಚು ಮಾಡುವಾಗ ಕನ್ನಡ ಬಲ್ಲ ಒಬ್ಬರನ್ನು ಹತ್ತಿರ ಕೂರಿಸಿಕೊಂಡಿದ್ದರೆ ಈ ತೊಡಕನ್ನು ಆಗಲೇ ತಪ್ಪಿಸಬಹುದಿತ್ತು. ಎಲ್ಲ ಮುಗಿದ ಮೇಲೆ ಕರೆದರೆ ಅವರೇನು ಮಾಡಿಯಾರು?

ಯಂತ್ರ ಇದನ್ನೆಲ್ಲ ಸರಿಪಡಿಸುತ್ತದೆ ಎಂದು ನಂಬುವವರಿದ್ದಾರೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಅಂದಿನಿಂದ ಯಂತ್ರಾನುವಾದ ಬಹಳ ಸುಧಾರಿಸಿದೆ ಎಂಬುದನ್ನು ಒಪ್ಪಲೇಬೇಕು. ಆದರೆ 2025ರ ಜುಲೈಯಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿಯನ್ನು ಅವರ ಕಚೇರಿ ಕನ್ನಡದಲ್ಲಿ ಫೇಸ್‌ಬುಕ್‌ಗೆ ಹಾಕಿತು. ಅದರ ತಾನೇತಾನಾಗಿ ಬಂದ ಇಂಗ್ಲಿಷ್ ಅನುವಾದದಲ್ಲಿ ಮುಖ್ಯಮಂತ್ರಿಗಳೇ ತೀರಿಕೊಂಡಿದ್ದರು! ನಮ್ಮಲ್ಲಿ ‘ನಿಧನರಾದ’ ಎಂಬ ಮಾತು ತಾನು ವರ್ಣಿಸುವ ಹೆಸರಿಗಿಂತ ಮೊದಲು ಬರುತ್ತದೆ. ಯಂತ್ರ ಅದನ್ನು ವಾಕ್ಯದ ಆರಂಭದಲ್ಲಿದ್ದ ಹೆಸರಿಗೆ ಅಂಟಿಸಿತು. ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರರು ಮೆಟಾ ಕಂಪೆನಿಗೆ ಪತ್ರ ಬರೆದರು. ಕಂಪೆನಿ ಕ್ಷಮೆ ಕೇಳಿ, ದೋಷ ಸರಿಪಡಿಸಿದ್ದಾಗಿ ಹೇಳಿತು. ಸಂತೋಷ. ಆದರೆ ಮುಖ್ಯಮಂತ್ರಿಗೆ ಸಿಕ್ಕ ಈ ಕ್ಷಮೆ ಹೊಲಿಗೆಯ ತಾಯಿಗೆ ಸಿಕ್ಕೀತೇ? ಅವರ ಪತ್ರದ ತಪ್ಪನ್ನು ಯಾರಿಗೆ ಬರೆದು ತಿಳಿಸುವುದು? ಅದರ ಮೇಲೆ ಅನುವಾದಕರ ಹೆಸರಿಲ್ಲ, ಏಜೆನ್ಸಿಯ ಹೆಸರೂ ಇಲ್ಲ.

ಅನುವಾದವನ್ನು ಹಣ ಕೊಟ್ಟು ಮಾಡಿಸುವುದು ಹೊಸದೇನಲ್ಲ. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಎಂಬ ಕ್ರೈಸ್ತ ವೈದ್ಯರು ಗ್ರೀಕ್ ವೈದ್ಯ ಗ್ಯಾಲೆನ್‌ನ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬಿಗೆ ತಂದರು. ಅದೂ ಶ್ರೀಮಂತರು ಹಣ ಕೊಟ್ಟು ಮಾಡಿಸಿದ ಕೆಲಸವೇ. ಆದರೆ ಅವರು ಒಂದೇ ಗ್ರಂಥದ ಹಲವು ಪ್ರತಿಗಳನ್ನು ಹುಡುಕಿ, ಹೋಲಿಸಿ, ಮೂಲವನ್ನು ಸರಿಪಡಿಸಿಕೊಂಡು ಅನುವಾದಿಸುತ್ತಿದ್ದರು. ಯಾವ ಗ್ರಂಥವನ್ನು ಯಾರು ಅನುವಾದಿಸಿದರು, ಯಾರಿಗಾಗಿ, ಅದು ಹೇಗಿದೆ ಎಂದು ವಿವರವಾಗಿ ಬರೆದಿಟ್ಟರು. ತಮ್ಮ ಎಳೆ ವಯಸ್ಸಿನ ಅನುವಾದಗಳ ಕೊರತೆಯನ್ನೂ ಮುಚ್ಚಿಡಲಿಲ್ಲ. ಹನ್ನೊಂದು ಶತಮಾನಗಳ ಹಿಂದೆ ಸಾಧ್ಯವಾದ ಈ ಹೊಣೆಗಾರಿಕೆ ಇಂದು ಏಕೆ ದುಬಾರಿಯಾಗಬೇಕು?

ನಮ್ಮಲ್ಲಿ ಕಾನೂನುಗಳಿಗೇನೂ ಕೊರತೆಯಿಲ್ಲ. ಸಾಲದ ಮುಖ್ಯಾಂಶಗಳ ಪತ್ರ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ಅವರಿಗೆ ವಿವರಿಸಬೇಕು ಎಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ನಾಮಫಲಕಗಳಲ್ಲಿ ಶೇ. 60 ಭಾಗ ಕನ್ನಡವಿರಬೇಕು ಎಂದು ಅದೇ ವರ್ಷ ರಾಜ್ಯದ ಕಾನೂನು ತಿದ್ದುಪಡಿಯಾಯಿತು. ಫಲಕದ ಕನ್ನಡವನ್ನು ಅಳೆಯಲು ಟೇಪು ಸಾಕು. ಪತ್ರದ ಕನ್ನಡವನ್ನು ಅಳೆಯಲು ಓದುಗರು ಬೇಕು. ‘ಆಸಕ್ತಿ ದರ’ ಎಂದು ಬರೆದ ಕಾಗದವೂ ಕನ್ನಡ ಲಿಪಿಯಲ್ಲೇ ಇದೆ. ಕಡತದಲ್ಲಿ ನಿಯಮ ಪಾಲನೆಯಾಗಿದೆ. ಅರ್ಥವಾಗುವ ಭಾಷೆ ಎಂಬ ಮಾತಿನಲ್ಲಿ ‘ಭಾಷೆ’ ಉಳಿದು ‘ಅರ್ಥವಾಗುವ’ ಎಂಬುದು ಬಿದ್ದುಹೋಗಿದೆ.

ಪರಿಹಾರವೇನೂ ಕಷ್ಟದ್ದಲ್ಲ. ಅನುವಾದಕರಿಗೆ ತುಂಡು ಪಟ್ಟಿಯ ಬದಲು ಇಡೀ ಪತ್ರವನ್ನು, ಪರದೆಯ ಚಿತ್ರವನ್ನು ಕೊಡಬೇಕು. ಅನುಮಾನ ಬಂದರೆ ಕೇಳಲು ಒಬ್ಬರಿರಬೇಕು. ಸಾಲ, ಔಷಧಿ, ವಿದ್ಯುತ್ ಯಂತ್ರಗಳಂಥ ವಿಷಯಗಳಲ್ಲಿ ಅಚ್ಚಾಗುವ ಮೊದಲು ಅದನ್ನು ಬಳಸುವ ನಾಲ್ಕು ಸಾಮಾನ್ಯರಿಗೆ ಓದಲು ಕೊಡಬೇಕು. ಕೂಲಿಯನ್ನು ಪದದಿಂದ ಮಾತ್ರ ಎಣಿಸದೆ ಹುಡುಕಾಟದ ಹೊತ್ತನ್ನೂ ಎಣಿಸಬೇಕು. ಈ ಕೆಲಸವನ್ನು ನಂಬಿದ ಮನೆಗಳು ನಮ್ಮ ನಡುವೆಯೂ ಇವೆ. ಹೊರಗೆ ಹೋಗಿ ದುಡಿಯಲಾಗದ ಓದಿದ ಹೆಣ್ಣುಮಕ್ಕಳಿಗೆ ಇದು ಗೌರವದ ದುಡಿಮೆ. ಕೆಲಸ ಉಳಿಯಬೇಕು, ಗೌರವವೂ ಬರಬೇಕು. ಪತ್ರದ ಕೊನೆಯಲ್ಲಿ, ಕನ್ನಡದ ತಪ್ಪನ್ನು ತಿಳಿಸಲು ಒಂದು ವಿಳಾಸವಿದ್ದರೆ ಅಷ್ಟರಿಂದಲೇ ಅರ್ಧ ಸುಧಾರಣೆಯಾದೀತು.

ಓದುಗರ ಪಾಲಿನ ಕೆಲಸವೂ ಇದೆ. ಅರ್ಥವಾಗದ ಕನ್ನಡ ಎದುರಾದಾಗ ನಾವು ನಮ್ಮ ಓದನ್ನೇ ಅನುಮಾನಿಸಿ, ಇಂಗ್ಲಿಷ್ ಬಲ್ಲವರ ಮುಂದೆ ನಿಲ್ಲುತ್ತೇವೆ. ಆ ತಾಯಿ ಮಾಡಿದ್ದೂ ಅದನ್ನೇ. ಅಂದು ಮಗ ಓದಿ ವಿವರಿಸಿದ ಮೇಲೆ ಅವರು ಹೇಳಿದ್ದು ಇಷ್ಟು: ‘ಬಡ್ಡಿ ಅಂತಲೇ ಬರೆದಿದ್ದರೆ ನನಗೇ ತಿಳೀತಿತ್ತಲ್ಲ. ನನಗೆ ಓದೋಕೆ ಬರಲ್ಲ ಅಂದುಕೊಂಡೆ.’ ಏಳನೇ ತರಗತಿಯ ಅವರ ಕನ್ನಡ ಸರಿಯಾಗಿಯೇ ಇತ್ತು. ಕೆಟ್ಟಿದ್ದದ್ದು ಪತ್ರದ ಕನ್ನಡ.