ಊಟ ಮುಗಿಯಲಿ, ಹನುಮಂತ ಬರಲಿ

ಬ್ಯಾಂಕಾಕಿನ ಯಾವ ಹೋಟೆಲಿಗೆ ಹೋದರೂ ಕೌಂಟರಿನ ಮೇಲೆ ಒಂದು ಕಟ್ಟು ಕರಪತ್ರ ಇದ್ದೇ ಇರುತ್ತದೆ. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಚಿತ್ರ: ಚಿನ್ನದ ಬಣ್ಣದ ಕಿರೀಟ, ಹಿಂದಕ್ಕೆ ಬಾಗಿದ ಬೆರಳು, ಮಗ್ಗುಲಲ್ಲಿ ಸೀಗಡಿ ತೇಲುವ ಬಟ್ಟಲು. ಕೆಳಗೆ ‘ಥಾಯ್ ಭೋಜನ ಮತ್ತು ಸಾಂಪ್ರದಾಯಿಕ ನೃತ್ಯ’. ಇರುವುದೊಂದು ಸಂಜೆ, ಯಾವುದಕ್ಕೆ ದುಡ್ಡು ಕೊಡುವುದು? ನನ್ನ ಸಲಹೆ ಸ್ವಲ್ಪ ಹಟದ್ದು. ಬ್ಯಾಂಕಾಕಿನಲ್ಲಿ ಊಟವನ್ನೂ ನೃತ್ಯವನ್ನೂ ಬೇರೆಬೇರೆ ಇಟ್ಟುಕೊಳ್ಳಿ. ಎರಡೂ ಒಟ್ಟಿಗೇ ಆಗಬೇಕು ಎನ್ನುವವರು ಚಿಯಾಂಗ್ ಮಾಯ್‌ವರೆಗೆ ಕಾಯಿರಿ.

ಬ್ಯಾಂಕಾಕಿನಲ್ಲಿ ನೋಡಲೇಬೇಕಾದದ್ದು ಖೋನ್. ಅರಮನೆಯ ಆಸರೆಯಲ್ಲಿ ಬೆಳೆದ ಮುಖವಾಡದ ನೃತ್ಯನಾಟಕ ಅದು. 2018ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಆಡುವ ಕಥೆ ರಾಮಕಿಯನ್, ಅಂದರೆ ಥಾಯ್ ಜನರ ರಾಮಾಯಣ. ಪಾತ್ರಗಳಲ್ಲಿ ನಾಲ್ಕು ಬಗೆ: ನಾಯಕ, ನಾಯಕಿ, ರಾಕ್ಷಸ, ಕಪಿ. ಮೈಕಟ್ಟು ನೋಡಿ ಚಿಕ್ಕಂದಿನಲ್ಲೇ ಯಾರಿಗೆ ಯಾವ ಬಗೆ ಎಂದು ಗುರುಗಳು ಗೊತ್ತುಮಾಡಿಬಿಡುತ್ತಾರೆ. ರಾಕ್ಷಸ, ಕಪಿಗಳ ಮುಖ ಪೂರ್ತಿ ಮುಚ್ಚಿರುತ್ತದೆ. ಮಾತೆಲ್ಲ ಬದಿಯಲ್ಲಿ ಕುಳಿತ ಹಾಡುಗಾರರದು. ಯಕ್ಷಗಾನ ನೋಡಿ ಬೆಳೆದವರು ಇಲ್ಲಿ ವೇಷಧಾರಿಯ ಅರ್ಥಗಾರಿಕೆಗೆ ಕಾದರೆ ಅದು ಬರುವುದೇ ಇಲ್ಲ. ರಾವಣನ ಸಿಟ್ಟು ಅವನ ಮಂಡಿಯಲ್ಲಿದೆ, ನೆಲಕ್ಕೆ ಒದೆಯುವ ಹಿಮ್ಮಡಿಯಲ್ಲಿದೆ, ಹೆಗಲಿನ ಒಂದು ಕೊಡವಿನಲ್ಲಿದೆ. ಸೀಗಡಿಯ ಸಿಪ್ಪೆ ಸುಲಿಯುತ್ತ ತಲೆ ತಗ್ಗಿಸಿದಿರೋ, ಆ ಸಿಟ್ಟು ಬಂದು ಹೋಗಿಯೇ ಬಿಟ್ಟಿತು.

ಆದ್ದರಿಂದ ಸಾಲಾ ಚಲೆರ್ಮ್‌ಕ್ರುಂಗ್ ರಂಗಮಂದಿರಕ್ಕೆ ಹೋಗಿ. ಏಳನೆಯ ರಾಮ ದೊರೆ ಕಟ್ಟಿಸಿ 1933ರಲ್ಲಿ ತೆರೆದ ಚಿತ್ರಮಂದಿರವಿದು. ಈಗ ಖೋನ್ ಆಟಗಳಿಗೆ ಹೆಸರುವಾಸಿ. ತಮಾಷೆಯೆಂದರೆ, ಹತ್ತಿರದಲ್ಲೇ ಇರುವ ದೊಡ್ಡ ಅರಮನೆಗೆ ವಿದೇಶೀಯರು ಕೊಳ್ಳುವ 500 ಬಾತ್‌ನ ಟಿಕೆಟ್‌ನಲ್ಲಿ ಇಲ್ಲಿಯ ಒಂದು ಕಿರು ಪ್ರದರ್ಶನವೂ ಸೇರಿರುತ್ತದೆ. ಬಿಸಿಲಿಗೆ ಸುಸ್ತಾದ ಮಂದಿ ಅದನ್ನು ಗಮನಿಸದೆ ಟಿಕೆಟ್ಟನ್ನು ಮುದುರಿ ಎಸೆಯುತ್ತಾರೆ. ಸಂಜೆ ಅದೇ ಕಪಿಗಳನ್ನು ಬಫೆ ಊಟದ ನಡುವೆ ನೋಡಲು ಇನ್ನಷ್ಟು ದುಡ್ಡು ಕೊಡುತ್ತಾರೆ. ಅರಮನೆಯ ಆವರಣದ ಪಚ್ಚೆ ಬುದ್ಧನ ಗುಡಿಯ ಮೊಗಸಾಲೆಯಲ್ಲಿ 178 ಫಲಕಗಳ ರಾಮಕಿಯನ್ ಭಿತ್ತಿಚಿತ್ರವಿದೆ. ಅದನ್ನು ಒಂದು ಸುತ್ತು ಹಾಕಿ ಬಂದು ಆಟಕ್ಕೆ ಕೂತರೆ ಯಾರು ಯಾರೆಂದು ಯಾರನ್ನೂ ಕೇಳಬೇಕಾಗಿಲ್ಲ.

ಕಥೆಯ ವಿಷಯಕ್ಕೆ ಒಂದು ಮುನ್ನೆಚ್ಚರಿಕೆ, ಮನೆಯ ಹಿರಿಯರನ್ನು ಕರೆದೊಯ್ಯುವವರಿಗಾಗಿ. ಅಲ್ಲಿಯ ಹನುಮಂತ ಬ್ರಹ್ಮಚಾರಿಯಲ್ಲ. ಸೇತುವೆ ಕಟ್ಟುವಾಗ ಹಾಕಿದ ಬಂಡೆಗಳು ಮಾಯವಾಗುತ್ತವೆ. ಮುಳುಗಿ ನೋಡಿದರೆ ತೋಸಕನ್, ಅಂದರೆ ದಶಕಂಠ, ಕಳಿಸಿದ ಮಗಳು ಸುಫನ್ನಮಚ್ಛಾ ಎಂಬ ಮತ್ಸ್ಯಕನ್ಯೆ. ಅಟ್ಟಿಸಿಕೊಂಡು ಹೋದ ಹನುಮಂತ ಅವಳಿಗೇ ಮನಸೋಲುತ್ತಾನೆ, ಮಗನೂ ಹುಟ್ಟುತ್ತಾನೆ. ಪ್ರವಾಸಿಗರ ಮುಂದೆ ಮತ್ತೆ ಮತ್ತೆ ಆಡುವ ಪ್ರಸಂಗಗಳಲ್ಲಿ ಇದೂ ಒಂದು. ಹನುಮಂತನಿಗೆ ಮದುವೆ ಮಾಡಿಸುವ ಜೈನ ರಾಮಾಯಣಗಳನ್ನು ಬಲ್ಲವರು ನಕ್ಕು ಸುಮ್ಮನಾದಾರು. ಉಳಿದವರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.

ಇಷ್ಟಾಗಿಯೂ ಬ್ಯಾಂಕಾಕಿನ ಊಟ–ನೃತ್ಯವೇ ಬೇಕೆಂದರೆ, ಕಾಯ್ದಿರಿಸುವಾಗ ಮೆನು ಕೇಳುವ ಮೊದಲು ವಾದ್ಯದ ವಿಷಯ ಕೇಳಿ. ಪಿಫಾಟ್ ಮೇಳ ಎದುರಿಗೆ ಕೂತಿರುತ್ತದೆಯೋ, ಧ್ವನಿಮುದ್ರಿಕೆಯೋ? ಮರದ ಪಟ್ಟಿಗಳ ರನಾತ್, ಬಳೆಯ ಹಾಗೆ ಸುತ್ತ ಜೋಡಿಸಿದ ಜಾಗಟೆಗಳು, ಓಲಗದ ಜಾತಿಯ ಪೀ, ತಫೋನ್ ಎಂಬ ಮದ್ದಳೆ: ಇವು ಎದುರಿಗಿದ್ದರೆ ಕುಣಿಯುವವರಿಗೂ ಮೈಮೇಲೆ ಎಚ್ಚರ ಇರುತ್ತದೆ. ಎರಡನೆಯ ಪ್ರಶ್ನೆ, ಊಟ ಮುಗಿದ ಮೇಲೆ ಆಟವೋ, ಊಟದ ನಡುವೆಯೋ. ಮೂರನೆಯದು, ಒಂದು ಪ್ರಸಂಗವನ್ನಾದರೂ ಪೂರ್ತಿ ತೋರಿಸುತ್ತಾರೋ, ಇಲ್ಲ ಐದೈದು ನಿಮಿಷದ ತುಣುಕುಗಳ ಕಲಸುಮೇಲೋಗರವೋ. ನದಿಯ ದೋಣಿಯ ಮೇಲಿನ ನೃತ್ಯವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಲ್ಲಿ ಎಲ್ಲರ ಕಣ್ಣೂ ದಡದ ದೀಪಗಳ ಮೇಲೆ. ಆನೆ ಕುಣಿಸುತ್ತೇವೆ ಎನ್ನುವವರ ಕರಪತ್ರವನ್ನು ಮಡಚಿ ವಾಪಸು ಇಡಿ.

ಚಿಯಾಂಗ್ ಮಾಯ್‌ನದು ಬೇರೆಯದೇ ಲೆಕ್ಕ. ಅಲ್ಲಿಯ ಸಂಜೆಗೆ ಖಂತೋಕ್ ಎಂದು ಹೆಸರು. ಕಾಲಿರುವ ಗುಂಡನೆಯ ತಗ್ಗು ಮಣೆ, ಅದರ ಮೇಲೆ ಚಿಕ್ಕ ಚಿಕ್ಕ ಬಟ್ಟಲು, ನೆಲದ ಮೇಲೆ ಕೂತವರು ಹಂಚಿಕೊಂಡು ಉಣ್ಣುವ ಉತ್ತರದ ಪದ್ಧತಿ. ಮಣೆ ಹಳೆಯದು, ಅತಿಥಿಗಳನ್ನು ಕೂರಿಸಿ ಊಟ, ನೃತ್ಯ ಎರಡನ್ನೂ ಏರ್ಪಡಿಸುವ ಔತಣ ಹೊಸದು. ಕ್ರೈಸ್ರೀ ನಿಮ್ಮನ್‌ಹೇಮಿನ್ ಎಂಬ ವಿದ್ವಾಂಸರು 1953ರಲ್ಲಿ ಗೆಳೆಯರ ಬೀಳ್ಕೊಡುಗೆಗೆ ಇಂಥದೊಂದನ್ನು ಏರ್ಪಡಿಸಿದ್ದೇ ಇದರ ಮೊದಲು. ವುವಾಲಾಯ್ ರಸ್ತೆಯ ಓಲ್ಡ್ ಚಿಯಾಂಗ್ ಮಾಯ್ ಸಾಂಸ್ಕೃತಿಕ ಕೇಂದ್ರ 1971ರಲ್ಲಿ ಶುರುವಾದದ್ದು. ಪ್ರವಾಸಿಗಳ ಜಾಗ ಎಂದು ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಆತಿಥ್ಯಕ್ಕೆಂದೇ ಹುಟ್ಟಿದ ಪದ್ಧತಿ ಆತಿಥ್ಯ ಮಾಡಿದರೆ ತಪ್ಪೇನು?

ಬಿದಿರ ಬುಟ್ಟಿಯಲ್ಲಿ ಅಂಟಕ್ಕಿಯ ಅನ್ನ ಬರುತ್ತದೆ. ಬೆರಳಲ್ಲೇ ಉಂಡೆ ಮಾಡಿ ಅದ್ದಿಕೊಂಡು ತಿನ್ನಬೇಕು. ಮುದ್ದೆಯವರಿಗೆ ಕೈ ತಾನಾಗಿ ತಿರುಗುತ್ತದೆ, ಆದರೆ ಇದನ್ನು ನುಂಗಬಾರದು, ಅಗಿಯಬೇಕು. ಜೊತೆಗೆ ಬರ್ಮಾ ಕಡೆಯಿಂದ ಬಂದ ಹಂದಿಮಾಂಸದ ಹಂಗ್ ಲೇ ಸಾರು, ಟೊಮೆಟೊ–ಖೀಮಾದ ನಾಮ್ ಫ್ರಿಕ್ ಓಂಗ್, ಸುಟ್ಟ ಹಸಿಮೆಣಸಿನಕಾಯಿ ಕುಟ್ಟಿದ ನಾಮ್ ಫ್ರಿಕ್ ನುಮ್. ಕೊನೆಯದು ನಮ್ಮ ನಾಲಿಗೆಗೆ ತಕ್ಷಣ ಒಗ್ಗುತ್ತದೆ. ಬಟ್ಟಲು ಬರಿದಾದರೆ ತುಂಬಿ ಕೊಡುತ್ತಾರೆ, ಸಂಕೋಚ ಬೇಡ. ಸಸ್ಯಾಹಾರಿಗಳು ಮಾತ್ರ ಎಲೆಯ ಮುಂದೆ ಕೂತ ಮೇಲೆ ಹೇಳುವುದಲ್ಲ, ಕಾಯ್ದಿರಿಸುವಾಗಲೇ ‘ಜೇ’ ಎಂದು ಹೇಳಬೇಕು. ಬರೀ ‘ಮಾಂಸ ಬೇಡ’ ಎಂದರೆ ಮೀನಿನ ಸಾಸು ಸದ್ದಿಲ್ಲದೆ ಬಂದುಬಿಡುತ್ತದೆ. ಜೇ ಅಡುಗೆಯಲ್ಲಿ ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ.

ಇಲ್ಲಿಯ ನೃತ್ಯ ಫೋನ್. ಕಥೆ ಇಲ್ಲ, ಮುಖವಾಡ ಇಲ್ಲ, ಅವಸರವೂ ಇಲ್ಲ. ಹೆಬ್ಬೆರಳು ಬಿಟ್ಟು ಉಳಿದ ಎಂಟು ಬೆರಳಿಗೆ ಉದ್ದನೆಯ ಹಿತ್ತಾಳೆ ಉಗುರು ತೊಟ್ಟು ಸಾಲಾಗಿ ಬರುವ ಹೆಂಗಸರು ಮಣಿಕಟ್ಟನ್ನು ಎಷ್ಟು ನಿಧಾನವಾಗಿ ತಿರುಗಿಸುತ್ತಾರೆಂದರೆ, ಒಂದು ತುತ್ತು ತಿಂದು ತಲೆ ಎತ್ತಿದರೂ ಏನೂ ತಪ್ಪಿಹೋಗಿರುವುದಿಲ್ಲ. ಕತ್ತಲಾದ ಮೇಲೆ ಉಗುರಿನ ಬದಲು ಕೈಯಲ್ಲಿ ಮೇಣದಬತ್ತಿ. ಚುಲಾಲಂಗ್‌ಕೋರ್ನ್ ದೊರೆಯ ರಾಣಿಯರಲ್ಲೊಬ್ಬಳಾದ ದಾರಾ ರಸ್ಮಿ 1914ರಲ್ಲಿ ತವರಾದ ಚಿಯಾಂಗ್ ಮಾಯ್‌ಗೆ ಮರಳಿದ ಮೇಲೆ ಹುಡುಗಿಯರನ್ನು ಸೇರಿಸಿ ತಿದ್ದಿ ಕಲಿಸಿದ ಕುಣಿತಗಳ ಬನಿ ಇವತ್ತಿಗೂ ಇದರಲ್ಲಿದೆ. ಆಮೇಲೆ ಬರುವ ಬೆಟ್ಟದ ಬುಡಕಟ್ಟುಗಳ ನೃತ್ಯ ನನಗೆ ಅಷ್ಟು ರುಚಿಸದು. ಊರಿನ ಹಬ್ಬದಿಂದ ಕಿತ್ತು ತಂದು ವೇದಿಕೆಗೆ ಏರಿಸಿದಂತೆ ಕಾಣುತ್ತದೆ.

ಕೊನೆಗೆ ನೋಡುಗರನ್ನೂ ಕೈಹಿಡಿದು ಎಬ್ಬಿಸುತ್ತಾರೆ. ಅದು ರಾಮ್‌ವೋಂಗ್. ಹಳ್ಳಿಯ ಕುಣಿತವೊಂದನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ರಧಾನಿ ಫಿಬುನ್ ಅವರ ಸರ್ಕಾರ ಹಾಡು, ಹಸ್ತಗಳನ್ನು ಗೊತ್ತುಮಾಡಿ ದೇಶಕ್ಕೆಲ್ಲ ಹಂಚಿದ್ದು. ವೃತ್ತವಾಗಿ ನಡೆಯುತ್ತ ಕೈ ತಿರುಗಿಸಿದರೆ ಸಾಕು, ತಪ್ಪಿದರೆ ಯಾರೂ ನಗುವುದಿಲ್ಲ. ಕರೆದಾಗ ಏಳಲು ನಿಮಗೆ ಮುಜುಗರವಾಗುತ್ತದೆ ಎಂದಾದರೆ ವೇದಿಕೆಯ ಹತ್ತಿರದ ಮಣೆ ಬೇಡವೆಂದು ಮೊದಲೇ ಹೇಳಿಬಿಡಿ. ಮಂಡಿನೋವಿನವರು ಕಾಲು ಇಳಿಬಿಟ್ಟು ಕೂರುವ ಜಾಗವಿದೆಯೇ ಎಂದೂ ಆಗಲೇ ಕೇಳಿಕೊಳ್ಳಲಿ.