ಪರದೇಶಿಯೂ ಒಕ್ಕಲೂ: ನಮ್ಮ ಪ್ರವಾಸಗದ್ಯವನ್ನು ಕುರಿತು ಒಂದು ವಿಚಾರ

೧

ಕನ್ನಡದಲ್ಲಿ ಪ್ರವಾಸಸಾಹಿತ್ಯವು ಹುಲುಸಾಗಿ ಬೆಳೆದಿದೆಯೆಂಬುದು ನಿರ್ವಿವಾದವಾದ ಸಂಗತಿ. ವಿ. ಕೃ. ಗೋಕಾಕರ ‘ಸಮುದ್ರದಾಚೆಯಿಂದ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಮೊದಲಾದ ಕೃತಿಗಳು ನಮ್ಮ ಗದ್ಯಕ್ಕೆ ಹೊಸ ನೋಟವನ್ನೂ ಹೊಸ ಸಲಿಗೆಯನ್ನೂ ತಂದುಕೊಟ್ಟಿವೆ. ಆದರೆ ಪ್ರವಾಸ ಬೇರೆ, ಪರದೇಶವಾಸ ಬೇರೆ. ಪ್ರವಾಸಿಗೆ ಹಿಂದಿರುಗುವ ದಿನ ಗೊತ್ತಿರುತ್ತದೆ. ಆದುದರಿಂದ ಅವನಿಗೆ ಎಲ್ಲವೂ ನೋಟ. ಪರದೇಶವಾಸಿಗಾದರೋ ನೋಟಕ್ಕಿಂತ ಮುಂಚೆ ಬಾಳುವೆ ಎದುರಾಗುತ್ತದೆ. ಉಪ್ಪನ್ನು ಯಾವ ಹೆಸರಿನಿಂದ ಕೇಳಬೇಕು, ಮಗುವಿಗೆ ಜ್ವರ ಬಂದರೆ ಯಾರ ಬಾಗಿಲು ತಟ್ಟಬೇಕು, ಸತ್ತವರನ್ನು ಎಲ್ಲಿಗೆ ಒಯ್ಯಬೇಕು ಎಂಬ ಪ್ರಶ್ನೆಗಳನ್ನು ದಾಟಿದ ಮೇಲೆಯೇ ಅವನು ತಲೆಯೆತ್ತಿ ಸುತ್ತಲಿನ ಬೆಟ್ಟವನ್ನು ನೋಡುವುದು.

ಈ ಎರಡನ್ನೂ ನಮ್ಮ ವಿಮರ್ಶೆ ಒಂದೇ ಕಟ್ಟಿನಲ್ಲಿ ಇಟ್ಟು ಓದುತ್ತ ಬಂದಿದೆ. ಅದರಿಂದ ಒಂದು ನಷ್ಟವಾಗಿದೆಯೆಂಬುದು ನಮ್ಮ ಅಭಿಪ್ರಾಯ. ಆ ನಷ್ಟದ ಸ್ವರೂಪವೇನು, ಅದನ್ನು ತುಂಬಿಕೊಳ್ಳಲು ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ತಾಲ್ಲೂಕುಗಳು ಹೇಗೆ ನೆರವಾಗಬಲ್ಲುವು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಾಗಿದೆ.

೨

ಮೊದಲು ಪದಗಳನ್ನು ಪರಿಶೀಲಿಸೋಣ. ಏಕೆಂದರೆ ಒಂದು ಭಾಷೆಯ ಪೂರ್ವಗ್ರಹಗಳು ಅದರ ಪದಗಳಲ್ಲಿಯೇ ಅಡಗಿರುತ್ತವೆ. ‘ಪರದೇಶಿ’ ಎಂದರೆ ಬೇರೆ ದೇಶದವನು ಎಂಬುದು ನಿಘಂಟಿನ ಅರ್ಥ. ಬಳಕೆಯ ಕನ್ನಡದಲ್ಲಿ ಅದು ದಿಕ್ಕಿಲ್ಲದವನು, ಕೇಳುವವರಿಲ್ಲದವನು ಎಂಬ ಅರ್ಥಕ್ಕೆ ಇಳಿದಿದೆ. ‘ಪರದೇಶಿ ಮಗು’ ಎಂದು ಹಳ್ಳಿಯ ಹೆಂಗಸು ಹೇಳಿದರೆ ಆ ಮಗು ಕಡಲಾಚೆಯಿಂದ ಬಂದುದೆಂದು ಯಾರೂ ತಿಳಿಯುವುದಿಲ್ಲ. ಇತ್ತೀಚಿನ ಎರಡು ಮಾತುಗಳಾದ ‘ಅನಿವಾಸಿ’, ‘ನಿರಾಶ್ರಿತ’ ಎಂಬುವೂ ಇದೇ ಜಾಡಿನವು. ಎರಡೂ ನಿಷೇಧಾರ್ಥಕ ಪೂರ್ವಪದದಿಂದ ಹುಟ್ಟಿದವು. ಅಮೆರಿಕದಲ್ಲಿ ನಲವತ್ತು ವರ್ಷ ಮನೆಮಾಡಿ, ಅಲ್ಲಿ ತೆರಿಗೆ ಕೊಟ್ಟು, ಮೊಮ್ಮಕ್ಕಳನ್ನು ಕಂಡವನು ನಮಗೆ ‘ಅನಿವಾಸಿ’. ಪಿರಿಯಾಪಟ್ಟಣದ ನೆಲದಲ್ಲಿ ಅರುವತ್ತು ವರ್ಷ ಮುಸುಕಿನ ಜೋಳ ಬೆಳೆದವನು ನಮಗೆ ‘ನಿರಾಶ್ರಿತ’. ಇವರಿಗೆ ಇಲ್ಲದುದೇನೆಂಬುದನ್ನು ಪದಗಳು ಹೇಳುತ್ತವೆ. ಇವರು ಮಾಡಿಕೊಂಡುದೇನೆಂಬುದನ್ನು ಹೇಳುವುದಿಲ್ಲ.

ಆದರೆ ಕನ್ನಡದಲ್ಲಿ ಇನ್ನೊಂದು ಹಳೆಯ ಪದವಿದೆ, ‘ಒಕ್ಕಲು’. ಉಳುವವನು ಒಕ್ಕಲು, ಒಡೆಯನ ಭೂಮಿಯನ್ನು ಗೇಣಿಗೆ ಮಾಡುವವನು ಒಕ್ಕಲು, ಸಂಸಾರವೂ ಒಕ್ಕಲು. ಹೊಸ ಮನೆಗೆ ಹೋಗುವುದು ‘ಒಕ್ಕಲು ಹೋಗುವುದು’. ನೆಲೆಯಿಂದ ಕೀಳುವುದು ‘ಒಕ್ಕಲೆಬ್ಬಿಸುವುದು’. ಈ ಪದದ ಗೌರವ ಒಡೆತನದಿಂದ ಬಂದುದಲ್ಲ, ದುಡಿಮೆಯಿಂದಲೂ ವಾಸದಿಂದಲೂ ಬಂದುದು. ಪರದೇಶವಾಸವನ್ನು ಬರೆಯುವ ಸಾಹಿತ್ಯಕ್ಕೆ ಒಂದು ಅಳತೆಗೋಲು ಬೇಕಾದರೆ ಅದು ಇದೇ ಎಂದು ನಾವು ಭಾವಿಸುತ್ತೇವೆ: ಪರದೇಶಿ ಹೇಗೆ ಒಕ್ಕಲಾಗುತ್ತಾನೆ? ಅಥವಾ ಏಕೆ ಆಗಲಾರನು?

೩

ಈ ಅಳತೆಗೋಲನ್ನು ಹಿಡಿದು ಪ್ರಸಿದ್ಧ ಕೃತಿಗಳನ್ನು ನೋಡಿದರೆ ಅವುಗಳ ಗುಣವೂ ಮಿತಿಯೂ ಸ್ಪಷ್ಟವಾಗುತ್ತವೆ.

೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ‘ಅಮೆರಿಕದಲ್ಲಿ ಗೊರೂರು’ ಕೃತಿಯ ಶಕ್ತಿ ಅದರ ಹೆಸರಿನಲ್ಲಿಯೇ ಇದೆ. ‘ಗೊರೂರು’ ಎಂಬುದು ಲೇಖಕರ ಹೆಸರೂ ಹೌದು, ಹೇಮಾವತಿಯ ದಡದ ಊರಿನ ಹೆಸರೂ ಹೌದು. ಅಮೆರಿಕಕ್ಕೆ ಹೋದವರು ಒಬ್ಬ ವ್ಯಕ್ತಿಯಲ್ಲ, ಒಂದು ಊರು. ಅಲ್ಲಿನ ಅಡುಗೆಮನೆ, ಅಂಗಡಿ, ರಸ್ತೆಗಳೆಲ್ಲ ಆ ಊರಿನ ತಕ್ಕಡಿಯಲ್ಲಿ ತೂಗಲ್ಪಡುತ್ತವೆ. ಹಾಸ್ಯ ಅಲ್ಲಿಂದಲೇ ಹುಟ್ಟುತ್ತದೆ; ದೊಡ್ಡ ದೇಶದ ಮುಂದೆ ಸಣ್ಣ ಊರು ತಲೆತಗ್ಗಿಸುವುದಿಲ್ಲವೆಂಬುದೇ ಓದುಗನ ಸಂತೋಷಕ್ಕೆ ಕಾರಣ. ಆದರೆ ಗೊರೂರರು ಅತಿಥಿಗಳು. ನೆಲೆಯೂರುವ ಹೊಣೆ ಅವರ ಮೇಲಿರಲಿಲ್ಲ. ತಕ್ಕಡಿ ಮುರಿದುಹೋಗುವ ಅನುಭವ, ಎಂದರೆ ತನ್ನೂರಿನ ಅಳತೆಯೇ ತನಗೆ ಮರೆತುಹೋಗುವ ಅನುಭವ, ಆ ಕೃತಿಯ ವ್ಯಾಪ್ತಿಗೆ ಸೇರಿದುದಲ್ಲ. ಇದನ್ನು ದೋಷವೆಂದು ಎಣಿಸಬಾರದು. ಅದು ಆ ಪ್ರಕಾರದ ಎಲ್ಲೆ.

ಯು. ಆರ್. ಅನಂತಮೂರ್ತಿಯವರದು ಬೇರೆಯೇ ಸಂದರ್ಭ. ಅವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಕಾಲದಲ್ಲಿ ‘ಸಂಸ್ಕಾರ’ವನ್ನು (೧೯೬೫) ಬರೆದರು. ಪರದೇಶವಾಸವು ಅಲ್ಲಿ ಕಥೆಯ ವಸ್ತುವಾಗದೆ ತಾಯ್ನೆಲದ ಅಗ್ರಹಾರವನ್ನು ದೂರದಿಂದ ನೋಡುವ ಎತ್ತರವಾಯಿತು. ಅವರ ‘ಕ್ಲಿಪ್ ಜಾಯಿಂಟ್’ ಕಥೆಯಲ್ಲಿ ಇಂಗ್ಲೆಂಡು ನೇರವಾಗಿ ಬರುತ್ತದಾದರೂ ಅಲ್ಲಿಯೂ ಮುಖ್ಯವಾದುದು ಭಾರತೀಯ ತರುಣನ ಅಂತರ್ದ್ವಂದ್ವ. ನವ್ಯರಿಗೆ ಪರದೇಶವೆಂಬುದು ಒಂದು ಕನ್ನಡಿ. ಆ ಕನ್ನಡಿಯಲ್ಲಿ ಕಂಡ ಮುಖ ಆಳವಾದುದು, ನಿಜ. ಆದರೆ ಕನ್ನಡಿಯ ಹಿಂದೆ ಒಂದು ಗೋಡೆಯಿದೆ, ಆ ಗೋಡೆಯ ಮನೆಯಲ್ಲಿ ಜನ ಬಾಳುತ್ತಾರೆ ಎಂಬುದು ಹಿನ್ನೆಲೆಗೆ ಸರಿಯುತ್ತದೆ.

ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ (೨೦೧೭) ಈ ಪರಂಪರೆಯಲ್ಲಿ ಒಂದು ತಿರುವು. ಅಮೆರಿಕದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕನ್ನಡ ಮೂಲದ ವೈದ್ಯರು, ಆಫ್ರಿಕದಿಂದ ಬಂದ ನಿರಾಶ್ರಿತ ಸಮುದಾಯದ ಗರ್ಭಿಣಿಯರು ಪರಸ್ಪರ ಎದುರಾಗುತ್ತಾರೆ. ಶಸ್ತ್ರಕ್ರಿಯೆಯ ಹೆರಿಗೆಯನ್ನು ಆ ಹೆಣ್ಣುಮಕ್ಕಳು ಒಲ್ಲೆನ್ನುವುದು ಅಲ್ಲಿನ ಬಿಕ್ಕಟ್ಟು. ಪರದೇಶಿಯಾದ ಕನ್ನಡಿಗನು ಇನ್ನೊಬ್ಬ ಪರದೇಶಿಯನ್ನು ನೋಡಬೇಕಾಗಿ ಬಂದುದೇ ಈ ಕಾದಂಬರಿಯ ಮಹತ್ತ್ವ. ನೋಡುವವನ ಕಾಲೂ ಗಟ್ಟಿಯಾದ ನೆಲದ ಮೇಲಿಲ್ಲ. ಇಲ್ಲಿ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ: ಈ ಭೇಟಿಯನ್ನು ಕಾಣಲು ನಾವು ಅಮೆರಿಕದವರೆಗೆ ಹೋಗಬೇಕಾಗಿತ್ತೆ?

೪

ದಲೈ ಲಾಮಾ ಅವರು ೧೯೫೯ರಲ್ಲಿ ಭಾರತಕ್ಕೆ ಬಂದರು. ಅಂದಿನ ಮೈಸೂರು ರಾಜ್ಯ ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು ೩೦೦೦ ಎಕರೆ ಭೂಮಿಯನ್ನು ಟಿಬೆಟನ್ನರಿಗೆ ಒದಗಿಸಿತು. ಲುಗ್ಸುಂಗ್ ಸಂದುಪ್‌ಲಿಂಗ್ ಎಂಬ ವಸತಿ ೧೯೬೧ರಲ್ಲಿ ನೆಲೆಗೊಂಡಿತು. ಕೆಲವು ವರ್ಷಗಳಲ್ಲಿ ಡಿಕ್ಕಿ ಲಾರ್ಸೋ ಎಂಬ ಎರಡನೆಯ ವಸತಿ ಸೇರಿತು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ, ಉತ್ತರ ಕನ್ನಡದ ಮುಂಡಗೋಡಿನಲ್ಲಿ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲಿ ಬೇರೆ ವಸತಿಗಳು ಹುಟ್ಟಿದುವು. ಇವರ ಪುನರ್ವಸತಿಗೆ ನೆರವಾಗಲೆಂದು ೧೯೬೮ರಲ್ಲಿ ಸ್ಥಾಪಿತವಾದ ಸಂಸ್ಥೆಯೇ ಇಂದು ಗ್ರಾಮಾಭಿವೃದ್ಧಿಯ ಕೆಲಸದಿಂದ ಹೆಸರಾಗಿರುವ ಮೈರಾಡ.

ಇಷ್ಟು ಇತಿಹಾಸ ಎಲ್ಲರಿಗೂ ತಿಳಿದುದು. ಇದನ್ನು ನಮ್ಮ ಪ್ರವಾಸಗದ್ಯ ಹೇಗೆ ಕಂಡಿದೆ? ಬಹುಮಟ್ಟಿಗೆ ಬೈಲಕುಪ್ಪೆಯೆಂದರೆ ‘ಸ್ವರ್ಣದೇಗುಲ’. ಪೆನೋರ್ ರಿಂಪೋಚೆಯವರು ೧೯೬೩ರಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ವಿಹಾರದ ಹೊಂಬಣ್ಣದ ಮೂರು ಬೃಹತ್ ಪ್ರತಿಮೆಗಳು, ಕೆಂಪು ವಸ್ತ್ರದ ಭಿಕ್ಷುಗಳು, ಕಹಳೆಯ ಧ್ವನಿ, ಗಾಳಿಗೆ ಹಾರುವ ಪ್ರಾರ್ಥನೆಯ ಬಾವುಟಗಳು, ಕೊನೆಗೆ ‘ಪುಟ್ಟ ಟಿಬೆಟ್’ ಎಂಬ ಉದ್ಗಾರ. ಕುಶಾಲನಗರವು ಹತ್ತಿರವಿರುವುದರಿಂದ ಕೊಡಗಿನ ಪ್ರವಾಸದ ಒಂದು ನಿಲ್ದಾಣವಾಗಿ ಇದನ್ನು ಬರೆಯುವುದೂ ರೂಢಿ. ಊರು ಇರುವ ತಾಲ್ಲೂಕಿನ ಹೆಸರು ಕೂಡ ಎಷ್ಟೋ ವೇಳೆ ಬರುವುದಿಲ್ಲ. ಬರೆಯುವವನು ಮಧ್ಯಾಹ್ನ ಬಂದು ಸಂಜೆಗೆ ಹೊರಡುತ್ತಾನೆ. ಹೀಗಿರುವಲ್ಲಿ ದೇಗುಲದ ಹಿಂದಿನ ಹೊಲ ಕಾಣದಿದ್ದರೆ ಆಶ್ಚರ್ಯವಿಲ್ಲ.

ಆ ಹೊಲದಲ್ಲಿಯೇ ನಿಜವಾದ ಕಥೆಯಿದೆ. ಹಿಮದ ಎತ್ತರದಲ್ಲಿ ಜವೆಗೋಧಿ ಬೆಳೆದು ಚಮರೀಮೃಗ ಸಾಕಿದ ಜನ ಇಲ್ಲಿಯ ಸೆಕೆಗೂ ಮಳೆಗೂ ಮೈಯೊಡ್ಡಿ ಕಾಡು ಕಡಿದರು. ಬೆಳೆಯನ್ನು ಆನೆಗಳಿಂದ ಕಾಯುವುದನ್ನು ಕಲಿತರು. ಹುರಿದ ಜವೆಗೋಧಿಯ ಹಿಟ್ಟನ್ನು ಚಹಾದಲ್ಲಿ ಕಲಸಿ ಉಂಡೆಮಾಡಿ ತಿನ್ನುವ ಜನ, ರಾಗಿಯ ಹಿಟ್ಟನ್ನು ಮುದ್ದೆ ಕಟ್ಟಿ ನುಂಗುವವರ ನೆರೆಯಲ್ಲಿ ಒಲೆ ಹೂಡಿದರು. ಮಳೆಯನ್ನೇ ನಂಬಿದ ಮುಸುಕಿನ ಜೋಳ ವರ್ಷವಿಡೀ ಹೊಟ್ಟೆ ಹೊರೆಯಲಾರದು. ಆದುದರಿಂದ ಸುಗ್ಗಿ ಮುಗಿದ ಮೇಲೆ ಅನೇಕ ಸಂಸಾರಗಳು ಉಣ್ಣೆಯ ಅಂಗಿಗಳನ್ನು ಮಾರಲು ದೂರದ ಪಟ್ಟಣಗಳಿಗೆ ಹೊರಟುಹೋಗುವುದು ರೂಢಿಯಾಯಿತು. ಪಟ್ಟಣದ ಚಳಿಗಾಲದಲ್ಲಿ ನಾವು ಕೊಂಡ ಅಂಗಿಗೂ ಬೈಲಕುಪ್ಪೆಯ ಮಳೆಗೂ ಸಂಬಂಧವಿದೆಯೆಂಬುದನ್ನು ಯಾವ ದೇಗುಲವರ್ಣನೆಯೂ ಹೇಳಲಾರದು.

ಇನ್ನು ಭಾಷೆ. ಶಾಲೆಯ ಪಾಠ ಟಿಬೆಟನ್, ಇಂಗ್ಲಿಷ್, ಹಿಂದಿಗಳಲ್ಲಿ ನಡೆದರೆ, ಕನ್ನಡ ಬಂದುದು ಅಂಗಡಿಯಿಂದ, ಬಸ್ಸಿನಿಂದ, ಹೊಲದ ಕೂಲಿಯವರಿಂದ. ಅದು ವ್ಯಾಕರಣದಿಂದ ಬಾರದೆ ವ್ಯವಹಾರದಿಂದ ಬಂದ ಕನ್ನಡ. ಅತ್ತ ನಮ್ಮವರು ಆ ಹಳ್ಳಿಗಳನ್ನು ಅವುಗಳ ಹೆಸರಿನಿಂದ ಕರೆಯದೆ ಸಂಖ್ಯೆಯಿಟ್ಟು ‘ಕ್ಯಾಂಪ್’ ಎಂದರು. ಕ್ಯಾಂಪೆಂದರೆ ಬಿಡಾರ, ನಾಳೆ ಕೀಳತಕ್ಕದ್ದು. ಮೂರನೆಯ ತಲೆಮಾರು ಹುಟ್ಟಿ ಬೆಳೆದರೂ ಆ ಪದ ಬದಲಾಗಲಿಲ್ಲ.

ಪದದ ಹಿಂದೆ ಕಾನೂನೂ ಇದೆ. ಭೂಮಿ ಗುತ್ತಿಗೆಯದು, ಒಡೆತನದ್ದಲ್ಲ. ವಾಸಕ್ಕೆ ನೋಂದಣಿಪತ್ರ ಬೇಕು, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ರ ಒಳಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಪೌರರೆಂಬ ವಿಧಿ ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ದೆಹಲಿ ಉಚ್ಚ ನ್ಯಾಯಾಲಯ ೨೦೧೦ರಲ್ಲಿಯೂ ಕರ್ನಾಟಕ ಉಚ್ಚ ನ್ಯಾಯಾಲಯ ೨೦೧೩ರಲ್ಲಿಯೂ ಹೇಳಿದುವು. ಆದರೂ ಎಷ್ಟೋ ಜನರಿಗೆ ಒಂದು ಅಳುಕು: ಪೌರತ್ವವನ್ನು ಪಡೆದರೆ ಮರಳುವ ಆಸೆಯನ್ನು ತಾವೇ ಬಿಟ್ಟುಕೊಟ್ಟಂತೆ ಆಗುವುದಿಲ್ಲವೆ? ಪೂರ್ತಿಯಾಗಿ ಒಕ್ಕಲಾದರೆ ಊರನ್ನು ಮರೆತಂತೆ. ಆಗದಿದ್ದರೆ ಬಾಳುವೆಯೇ ಇಲ್ಲ. ಈ ಇಕ್ಕಟ್ಟು ಯಾವ ದೊಡ್ಡ ಕಾದಂಬರಿಗೂ ಸಾಲುವ ವಸ್ತು.

೫

ಇದೇ ಸೀಮೆಯ ಇನ್ನೊಂದು ಊರು ನಮ್ಮ ವಿಚಾರವನ್ನು ಮತ್ತಷ್ಟು ಜಟಿಲಗೊಳಿಸುತ್ತದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟು ೧೯೭೪ರಲ್ಲಿ ಪೂರ್ಣಗೊಂಡಿತು. ಅದರ ಸಂಗ್ರಹ ೧೯.೫೨ ಟಿ.ಎಂ.ಸಿ. ಆ ನೀರಿನಡಿಯಲ್ಲಿ ಹಳ್ಳಿಗಳು ಮುಳುಗಿದುವು, ಕಾಕನಕೋಟೆಯ ಕಾಡಿನ ಭಾಗವೂ ಮುಳುಗಿತು. ಒಂದೇ ಕಾಲದಲ್ಲಿ, ಒಂದೇ ಜಿಲ್ಲೆಯಲ್ಲಿ, ಪಿರಿಯಾಪಟ್ಟಣದ ಅಂಚಿನಲ್ಲಿ ಹೊರಗಿನವರು ಒಕ್ಕಲು ಬರುತ್ತಿದ್ದರು. ಕಬಿನಿಯ ದಡದಲ್ಲಿ ಒಳಗಿನವರು ಒಕ್ಕಲೇಳುತ್ತಿದ್ದರು. ಮುಂದೆ ನಾಗರಹೊಳೆಯ ರಾಷ್ಟ್ರೀಯ ಉದ್ಯಾನದಿಂದ ಹೊರಬಂದ ಜೇನುಕುರುಬ, ಬೆಟ್ಟಕುರುಬ ಕುಟುಂಬಗಳೂ ಈ ಸಾಲಿಗೆ ಸೇರಿದುವು. ಕಾಡಿನ ಹಾಡಿಯಿಂದ ಬಯಲಿನ ಸಾಲುಮನೆಗೆ ಬಂದ ಜೇನುಕುರುಬನ ಪಾಲಿಗೆ, ಕೆಲವೇ ಮೈಲಿಗಳ ಆಚೆಯ ಹುಣಸೂರು ತಾಲ್ಲೂಕಿನ ಬಯಲು ಪರದೇಶವಲ್ಲದೆ ಮತ್ತೇನು?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಇಬ್ಬರನ್ನೂ ಒಂದೇ ಎಂದುಬಿಡುವುದು ವಿಮರ್ಶೆಯಾಗದೆ ಭಾವುಕತೆಯಾದೀತು. ಮುಳುಗಡೆಯ ರೈತನಿಗೆ ಮತವಿದೆ, ಮಾತಿದೆ, ಪರಿಹಾರವನ್ನು ಕೇಳುವ ಹಕ್ಕಿದೆ. ಅದನ್ನು ಪಡೆಯುವುದು ಎಷ್ಟೇ ಕಷ್ಟವಾಗಿರಲಿ, ಕೇಳುವ ಭಾಷೆ ಅವನದೇ. ಟಿಬೆಟನ್ನನಿಗೆ ಆ ಹಕ್ಕಿಲ್ಲ. ಆದರೆ ಅವನ ಹಿಂದೆ ಜಗತ್ತಿನ ಗಮನವಿದೆ, ಬಲವಾದ ವಿಹಾರಗಳಿವೆ, ಸಮುದಾಯದ ಕಟ್ಟಿದೆ. ಹಾಡಿಯವನಿಗೆ ಹಕ್ಕು ಕಾಗದದಲ್ಲಿದೆ, ಗಮನವೂ ಇಲ್ಲ. ಹೀಗೆ ಪರದೇಶಿತನವೆಂಬುದು ಒಂದು ಗೆರೆಯ ಈಚೆ ಆಚೆಯ ಮಾತಲ್ಲ, ಅದಕ್ಕೆ ಮೆಟ್ಟಿಲುಗಳಿವೆ. ಪಾಸುಪೋರ್ಟನ್ನು ಮಾತ್ರ ನೋಡುವ ಪ್ರವಾಸಗದ್ಯ ಆ ಮೆಟ್ಟಿಲುಗಳನ್ನು ಎಣಿಸಲಾರದು. ‘ಒಕ್ಕಲು’ ಎಂಬ ಅಳತೆಗೋಲು ಎಣಿಸಬಲ್ಲುದು.

೬

ನಮ್ಮ ವಾದವನ್ನು ಸಂಗ್ರಹಿಸುವುದಾದರೆ: ಗೊರೂರರ ಬಳಿ ದಿನನಿತ್ಯದ ವಿವರವನ್ನು ಪ್ರೀತಿಯಿಂದ ಕಾಣುವ ಕಣ್ಣಿತ್ತು, ನವ್ಯರ ಬಳಿ ಒಳಗಿನ ಬಿರುಕನ್ನು ಕಾಣುವ ಕಣ್ಣಿತ್ತು, ‘ಹಿಜಾಬ್’ ಕಾದಂಬರಿಯಲ್ಲಿ ಇನ್ನೊಬ್ಬ ಪರದೇಶಿಯತ್ತ ತಿರುಗುವ ಕಣ್ಣು ತೆರೆಯಿತು. ಈ ಮೂರೂ ಕೂಡಿ ನಮ್ಮ ನೆರೆಯ ಹೊಲವನ್ನು ನೋಡುವ ಕೆಲಸ ಬಾಕಿಯಿದೆ. ಕನ್ನಡಿಗನು ಹೊರಗೆ ಹೋಗಿ ಪಟ್ಟ ಪಾಡನ್ನು ಮಾತ್ರ ಪರದೇಶವಾಸದ ಸಾಹಿತ್ಯವೆಂದು ಎಣಿಸಿದರೆ, ನಮ್ಮ ಅಂಗಳಕ್ಕೆ ಬಂದವನ ಪಾಡೂ ನಮ್ಮ ಅಂಗಳದಿಂದಲೇ ಎದ್ದುಹೋದವನ ಪಾಡೂ ಲೆಕ್ಕಕ್ಕೆ ತಪ್ಪುತ್ತವೆ.

ಕಾಲವೂ ಕಾಯುವುದಿಲ್ಲ. ೧೯೬೧ರಲ್ಲಿ ಕಾಡು ಕಡಿದವರಲ್ಲಿ ಉಳಿದಿರುವವರು ಈಗ ಮುಪ್ಪಿನವರು. ಬೈಲಕುಪ್ಪೆಯ ತರುಣರು ಯೂರೋಪಿಗೂ ಅಮೆರಿಕಕ್ಕೂ ಹೋಗುತ್ತಿದ್ದಾರೆ. ಅಲ್ಲಿ ಅವರನ್ನು ‘ನಿಮ್ಮೂರು ಯಾವುದು?’ ಎಂದು ಕೇಳಿದಾಗ ಬಾಯಿ ಟಿಬೆಟ್ ಎನ್ನಬಹುದು. ಮನಸ್ಸಿಗೆ ಬರುವುದು ಮಾತ್ರ, ಅವರು ಎಂದೂ ಕಾಣದ ಹಿಮವಲ್ಲ, ಪಿರಿಯಾಪಟ್ಟಣದ ಕೆಂಪು ಮಣ್ಣು, ಜೋಳದ ಹೊಲ, ಕುಶಾಲನಗರದ ಬಸ್ಸು. ಒಂದು ಊರು ಯಾರ ನೆನಪಿಗೆ ಹೀಗೆ ಬರುತ್ತದೆಯೋ ಅವರು ಆ ಊರಿನ ಒಕ್ಕಲೇ ಸರಿ. ಕಾಗದ ಏನೇ ಹೇಳಲಿ.

ಆದುದರಿಂದ ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ಬಿನ್ನಹ. ಪ್ರವಾಸಸಾಹಿತ್ಯವನ್ನು ಪಾಠ ಹೇಳುವಾಗ ಅಮೆರಿಕದೊಡನೆ ಬೈಲಕುಪ್ಪೆಯನ್ನೂ ಬೀಚನಹಳ್ಳಿಯನ್ನೂ ಇಟ್ಟು ನೋಡಬೇಕು. ದೇಗುಲವನ್ನು ನೋಡಲು ಹೋದವರು ಒಂದು ದಿನ ಹೆಚ್ಚಾಗಿ ನಿಂತು, ಹೊಲದ ಬದುವಿನ ಮೇಲೆ ಕುಳಿತು, ಅಲ್ಲಿಯ ಹಿರಿಯರ ವ್ಯವಹಾರದ ಕನ್ನಡವನ್ನು ತಿದ್ದದೆ ಕೇಳಿ ಬರೆದುಕೊಳ್ಳಬೇಕು. ಸಾಹಿತ್ಯ ಹುಟ್ಟುವುದು ಆಮೇಲಿನ ಮಾತು. ಮೊದಲು ಕೇಳುವವರು ಬೇಕು.